‘ಎನ್ನಂದ ಎಡಿಯ’: ಸಿಬಿಟಿ ಹಾಳೆಯ ಭಾಷೆ ಮತ್ತು ಗಡಿನಾಡಿನ ಮನಸ್ಸು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಓದಿಗೆ ಅನುಕೂಲವಾಗುವಷ್ಟು ಮಾತ್ರ ತಿದ್ದಿದೆ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದೆ.)

ಧ್ವನಿ ಸರಿಯಾಗಿ ಕೇಳ್ತಾ ಉಂಟಲ್ವಾ? ಸರಿ.

ಗಡಿನಾಡಿನ ಕನ್ನಡದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಶಾಲೆ, ಕಚೇರಿ, ನಾಮಫಲಕ, ಪರೀಕ್ಷೆ ಇಷ್ಟನ್ನು ಹೇಳಿ ನಿಲ್ಲಿಸುತ್ತೇವೆ. ಇವತ್ತು ನಾನು ಇನ್ನೊಂದು ಕೋಣೆಗೆ ಹೋಗ್ಲಿಕ್ಕೆ ಇಷ್ಟಪಡ್ತೇನೆ. ಅದು ಖಾಸಗಿ ಕೌನ್ಸೆಲರ್ ಒಬ್ಬರ ಕೋಣೆ. ಎರಡು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಒಂದು ಹಾಳೆ. ಆ ಹಾಳೆಯನ್ನು ಒಂದು ಪಠ್ಯ ಅಂತ ಓದುವುದು ನನ್ನ ಉದ್ದೇಶ. ನಾನು ಮನೋವೈದ್ಯನಲ್ಲ, ಭಾಷೆಯ ವಿದ್ಯಾರ್ಥಿ. ಆದರೆ ಸಿಬಿಟಿ ಅನ್ನುವ ಚಿಕಿತ್ಸೆ ನಡೆಯುವುದೇ ವಾಕ್ಯಗಳ ಮೇಲೆ. ಹಾಗಾಗಿ ಭಾಷೆಯ ಕಡೆಯವರಿಗೂ ಅಲ್ಲಿ ಸ್ವಲ್ಪ ಕೆಲಸ ಉಂಟು.

ಮೊದಲು ಚಿಕಿತ್ಸೆಯ ಬಗ್ಗೆ ಎರಡು ಮಾತು. ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ, ಆರನ್ ಬೆಕ್ 1960ರ ದಶಕದಲ್ಲಿ ಅಮೆರಿಕದಲ್ಲಿ ಬೇರೆ ಬೇರೆಯಾಗಿ ಈ ದಾರಿ ಹಿಡಿದರು. ಬೆಕ್ ಮತ್ತು ಸಂಗಡಿಗರು ಖಿನ್ನತೆಯ ಚಿಕಿತ್ಸೆ ಕುರಿತು ಬರೆದ ಮುಖ್ಯ ಗ್ರಂಥ ಬಂದದ್ದು 1979ರಲ್ಲಿ. ಅವರು ಹೇಳಿದ್ದನ್ನು ಸರಳವಾಗಿ ಹೀಗೆ ಹೇಳಬಹುದು: ಘಟನೆಗೂ ನೋವಿಗೂ ನಡುವೆ ಒಂದು ವಾಕ್ಯ ಇರುತ್ತದೆ. ಅದು ಕೇಳದೆ ಬರುತ್ತದೆ, ಮಿಂಚಿ ಹೋಗುತ್ತದೆ. ಅದನ್ನು ಹಿಡಿದು ಕಾಗದದ ಮೇಲೆ ಇಟ್ಟು, ‘ಇದು ಎಷ್ಟು ನಿಜ?’ ಅಂತ ಚಿಕಿತ್ಸಕರೂ ರೋಗಿಯೂ ಒಟ್ಟಿಗೆ ಕೇಳಬೇಕು. ಜೊತೆಗೆ ವರ್ತನೆಯ ಭಾಗ ಉಂಟು. ಬಿಟ್ಟುಬಿಟ್ಟ ಕೆಲಸಗಳನ್ನು ಸಣ್ಣ ಸಣ್ಣದಾಗಿ ಮತ್ತೆ ಶುರುಮಾಡುವುದು, ಹೆದರಿಕೆಯ ಜಾಗಕ್ಕೆ ಹಂತಹಂತವಾಗಿ ಹೋಗುವುದು. ವಾರಕ್ಕೊಂದು ಭೇಟಿ, ನಡುವೆ ಮನೆಕೆಲಸ, ಸಾಮಾನ್ಯವಾಗಿ ಆರರಿಂದ ಇಪ್ಪತ್ತು ಭೇಟಿಯ ಲೆಕ್ಕ. ಖಿನ್ನತೆ, ಆತಂಕ, ಪ್ಯಾನಿಕ್ ಇಂಥವಕ್ಕೆ ಇದು ಉಪಯೋಗ ಆಗ್ತದೆ ಅನ್ನುವುದಕ್ಕೆ ದಶಕಗಳ ಪುರಾವೆ ಉಂಟು. ಅದರ ಬಗ್ಗೆ ನನ್ನ ತಕರಾರಿಲ್ಲ.

ನನ್ನ ತಕರಾರು ಇರುವುದು ಆ ವಾಕ್ಯ ಯಾವ ಭಾಷೆಯಲ್ಲಿ ಕಾಗದಕ್ಕೆ ಇಳಿಯುತ್ತದೆ ಅನ್ನುವುದರ ಬಗ್ಗೆ.

ಹೆಸರಿನಿಂದಲೇ ಶುರು

ಕನ್ನಡದಲ್ಲಿ ಇದಕ್ಕೆ ‘ಅರಿವಿನ ವರ್ತನಾ ಚಿಕಿತ್ಸೆ’ ಅಂತ ಹೆಸರಿಟ್ಟಿದ್ದಾರೆ, ‘ಸಂಜ್ಞಾನಾತ್ಮಕ ವರ್ತನಾ ಚಿಕಿತ್ಸೆ’ ಅಂತಲೂ ಬರೆಯುತ್ತಾರೆ. ಎರಡನೆಯದನ್ನು ಬಿಡಿ, ಅದನ್ನು ಹೇಳುವಷ್ಟರಲ್ಲಿ ಅರ್ಧ ಸೆಷನ್ ಮುಗೀತದೆ. ಮೊದಲನೆಯದರ ತೊಂದರೆ ಸೂಕ್ಷ್ಮವಾದದ್ದು. ‘ಅರಿವು’ ಕನ್ನಡದಲ್ಲಿ ಬರೀ ತಲೆಯೊಳಗಿನ ಚಟುವಟಿಕೆ ಅಲ್ಲ. ವಚನಕಾರರ ಕಾಲದಿಂದ ಅದು ಬೆಳಕಿನ ಕಡೆಯ ಪದ. ಅರಿವು ಮೂಡುತ್ತದೆ, ಅರಿವೇ ಗುರು ಅನ್ನುತ್ತೇವೆ. ಆದರೆ ಸಿಬಿಟಿ ಹೇಳುವುದು ತಪ್ಪಿ ನಡೆಯುವ ಯೋಚನೆಯ ಬಗ್ಗೆ. ‘ಅರಿವಿನ ದೋಷ’ ಅಂತ ಹಾಳೆಯಲ್ಲಿ ಅಚ್ಚಾದರೆ ಓದುವವರಿಗೆ ತನ್ನ ಒಳಗಿನ ದೀಪವೇ ಕೆಟ್ಟಿದೆ ಅಂತ ಕೇಳಿಸುತ್ತದೆ. ‘ಯೋಚನೆಯ ತಪ್ಪುದಾರಿ’ ಅಂದರೆ ಸಾಕಿತ್ತು.

‘ಆಪ್ತ ಸಲಹೆ’ ಅನ್ನುವುದು ಇನ್ನೂ ದೊಡ್ಡ ತೊಂದರೆ. ಸಲಹೆ ಅಂದಮೇಲೆ ಕೊಡುವವರು ಒಬ್ಬರು, ತೆಗೆದುಕೊಳ್ಳುವವರು ಇನ್ನೊಬ್ಬರು. ಜನ ಹಾಗೇ ನಿರೀಕ್ಷೆ ಇಟ್ಟುಕೊಂಡು ಹೋಗ್ತಾರೆ. ಕೊಡುವವರೂ ಸಲಹೆಯನ್ನೇ ಕೊಟ್ಟು ಕಳಿಸ್ತಾರೆ: ‘ಮನಸ್ಸಿದ್ದರೆ ಮಾರ್ಗ’, ‘ಪಾಸಿಟಿವ್ ಆಗಿ ಯೋಚಿಸಿ’. ಅದು ಸಿಬಿಟಿ ಅಲ್ಲ. ಕ್ರಿಸ್ಟೀನ್ ಪಡೆಸ್ಕಿ 1993ರ ಒಂದು ಉಪನ್ಯಾಸದಲ್ಲಿ ಈ ಪ್ರಶ್ನೆಯನ್ನೇ ಎತ್ತಿದ್ದರು. ಸಾಕ್ರೆಟಿಸನ ರೀತಿಯಲ್ಲಿ ಪ್ರಶ್ನೆ ಕೇಳುವುದು ಎದುರಿನವರ ಮನಸ್ಸು ಬದಲಿಸಲಿಕ್ಕೋ, ಅಥವಾ ಅವರೇ ಕಂಡುಕೊಳ್ಳುವಂತೆ ದಾರಿ ತೋರಿಸಲಿಕ್ಕೋ? ಅವರ ಒಲವು ಎರಡನೆಯದಕ್ಕೆ. ಆ ದೃಷ್ಟಿಯಿಂದ ನೋಡಿದರೆ ನಮ್ಮ ‘ಸಮಾಲೋಚನೆ’ ಬಹಳ ಒಳ್ಳೆಯ ಪದ. ಒಟ್ಟಿಗೆ ಕೂತು ಆಲೋಚಿಸುವುದು. ಆದರೆ ಬಳಕೆಯಲ್ಲಿ ಸಲಹೆಯೇ ಗೆದ್ದಿದೆ. ಆಡುಮಾತಿನಲ್ಲಂತೂ ‘ಅವನಿಗೆ ಕೌನ್ಸೆಲಿಂಗ್ ಕೊಡಿಸಿ’ ಅಂತೇವೆ. ಕ್ರಿಯಾಪದ ನೋಡಿ, ‘ಕೊಡಿಸಿ’. ಪೆಟ್ಟು ಕೊಡಿಸಿದ ಹಾಗೆ.

ಹಾಳೆಯ ಮೇಲೆ ಬಂದು ಕೂತ ವಾಕ್ಯ

ಈಗ ಹಾಳೆಗೆ ಬರುವ. ಡೆನ್ನಿಸ್ ಗ್ರೀನ್‌ಬರ್ಗರ್ ಮತ್ತು ಪಡೆಸ್ಕಿ 1995ರಲ್ಲಿ ಪ್ರಕಟಿಸಿದ ಕೈಪಿಡಿಯ ಏಳು ಕಾಲಮ್ಮಿನ ಹಾಳೆ ಬಹಳ ಕಡೆ ಬಳಕೆಯಲ್ಲಿದೆ. ಸಂದರ್ಭ, ಭಾವನೆ, ಯೋಚನೆ, ಅದಕ್ಕೆ ಪರವಾದ ಪುರಾವೆ, ವಿರುದ್ಧವಾದ ಪುರಾವೆ, ಸಮತೋಲದ ಯೋಚನೆ, ಈಗ ಭಾವನೆ ಎಷ್ಟು.

ಕಾಸರಗೋಡಿನ ಉದಾಹರಣೆ ತೆಗೊಳ್ತೇನೆ. ಇದು ನಾನು ಕಟ್ಟಿದ ಉದಾಹರಣೆ, ಯಾರ ಕೇಸೂ ಅಲ್ಲ. ಮನೆಯಲ್ಲಿ ಹವ್ಯಕ ಕನ್ನಡ, ಪೇಟೆಯಲ್ಲಿ ತುಳು ಮತ್ತು ಮಲಯಾಳ, ಓದಿದ್ದು ಕನ್ನಡ ಮಾಧ್ಯಮ, ಕಾಲೇಜು ಇಂಗ್ಲಿಷ್. ಒಬ್ಬಳು ಹುಡುಗಿ, ಬಿ.ಎಡ್. ಆಗಿದೆ. ಸಂದರ್ಶನದ ಹಿಂದಿನ ರಾತ್ರಿ ಎದೆ ಹೊಡ್ಕೊಳ್ತದೆ, ನಿದ್ದೆ ಇಲ್ಲ. ಆ ಹೊತ್ತಿಗೆ ಬಂದ ವಾಕ್ಯ: ‘ಎನ್ನಂದ ಎಡಿಯ.’

ಹವ್ಯಕದಲ್ಲಿ ‘ಎಡಿಗು’ ಅಂದರೆ ಸಾಧ್ಯ, ‘ಎಡಿಯ’ ಅಂದರೆ ಸಾಧ್ಯವಿಲ್ಲ. ಭಾರದ ಕೊಡ ಎತ್ತಲಿಕ್ಕೂ ಎಡಿಯ, ಬಿಸಿಲಿಗೆ ನಡೆಯಲಿಕ್ಕೂ ಎಡಿಯ. ಅದು ದೇಹಕ್ಕೆ, ಆ ಗಳಿಗೆಗೆ ಅಂಟಿಕೊಂಡ ಮಾತು. ಈಗ ಅವಳು ಆನ್‌ಲೈನಿನಲ್ಲಿ ಸಿಕ್ಕಿದ ಕೌನ್ಸೆಲರ್ ಎದುರು ಇದನ್ನು ಇಂಗ್ಲಿಷಿಗೆ ತಿರುಗಿಸುತ್ತಾಳೆ: ‘ಐ ಆ್ಯಮ್ ನಾಟ್ ಕೇಪಬಲ್.’ ನೋಡಿ ಏನಾಯ್ತು. ‘ಇದು ಈಗ ನನ್ನಿಂದ ಎತ್ತಲಿಕ್ಕೆ ಆಗ್ತಿಲ್ಲ’ ಅನ್ನುವ ದಣಿವು, ‘ನಾನು ಅಸಮರ್ಥೆ’ ಅನ್ನುವ ತೀರ್ಪಾಯಿತು. ಕೌನ್ಸೆಲರ್ ಪಟ್ಟಿ ನೋಡಿ ‘ಲೇಬಲಿಂಗ್, ನಿಮಗೆ ನೀವೇ ಹಣೆಪಟ್ಟಿ ಅಂಟಿಸ್ತಿದ್ದೀರಿ’ ಅಂತಾರೆ. ಅಂಟಿಸಿದ್ದು ಅವಳಲ್ಲ, ಅನುವಾದ. ಮುಂದಿನ ನಲವತ್ತು ನಿಮಿಷ ಇಬ್ಬರೂ ಸೇರಿ ಅವಳಿಗೆ ಬಾರದೇ ಇದ್ದ ಯೋಚನೆಯೊಂದಕ್ಕೆ ಪುರಾವೆ ಹುಡುಕುತ್ತಾರೆ. ಪುರಾವೆ ಸಿಗ್ತದೆ, ಸಮತೋಲದ ಯೋಚನೆಯೂ ಸಿಗ್ತದೆ. ಆದರೆ ಆ ರಾತ್ರಿ ಮತ್ತೆ ಬರುವುದು ‘ಎಡಿಯ’ವೇ. ಅದನ್ನು ಯಾರೂ ಮುಟ್ಟಲೇ ಇಲ್ಲ.

ಇಲ್ಲಿ ನಷ್ಟ ಆಗುವುದು ಏನು? ಹಣ, ಬಸ್ಸು, ಅರ್ಧ ದಿನದ ರಜೆ ಹೋಗ್ತದೆ, ಹೌದು. ಅದಕ್ಕಿಂತ ದೊಡ್ಡದು, ಎರಡು ಮೂರು ಭೇಟಿ ಮುಗಿಸಿ ‘ಸಿಬಿಟಿ ಕೂಡ ನನಗೆ ಹಿಡಿಸಲಿಲ್ಲ’ ಅಂತ ಅವಳು ಬಿಟ್ಟುಬಿಡುತ್ತಾಳೆ. ಮೊದಲೇ ‘ಎಡಿಯ’ ಅನ್ನುವ ಮನಸ್ಸು. ಅದಕ್ಕೆ ಇನ್ನೊಂದು ಪುರಾವೆ ಸಿಕ್ಕ ಹಾಗಾಯ್ತು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಮ್ಮ ದೇಶದಲ್ಲಿ ಕಾಯಿಲೆಗೆ ಅನುಗುಣವಾಗಿ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯ ಹೊರಗಿದ್ದಾರೆ ಅಂತ ಹೇಳಿತು. ಹೇಗೋ ಬಾಗಿಲವರೆಗೆ ಬಂದ ಒಬ್ಬರು ಒಂದು ಕ್ರಿಯಾಪದದ ಕಾರಣಕ್ಕೆ ವಾಪಸು ಹೋಗುವುದು ಸಣ್ಣ ವಿಷಯ ಅಲ್ಲ.

ಹತ್ತಿರದ ಭಾಷೆಯ ಮೋಸ

ಇಂಗ್ಲಿಷಿನ ಕಥೆ ಹೀಗಾದರೆ, ನೆರೆಯ ಭಾಷೆಯದ್ದು ಇನ್ನೊಂದು ರೀತಿ. ದೂರದ ಭಾಷೆ ಅರ್ಥ ಆಗದಿದ್ದರೆ ಆಗಲಿಲ್ಲ ಅಂತಾದರೂ ಗೊತ್ತಾಗ್ತದೆ. ಹತ್ತಿರದ್ದು ಅರ್ಥ ಆದ ಹಾಗೆ ಕಾಣ್ತದೆ. ಮಲಯಾಳದಲ್ಲಿ ‘ವಿಷಮ’ ಅಂದರೆ ಮನಸ್ಸಿನ ಬೇಸರ, ದುಃಖ. ಕನ್ನಡದಲ್ಲಿ ಪರಿಸ್ಥಿತಿ ವಿಷಮ ಆಗ್ತದೆ, ಮನಸ್ಸಲ್ಲ. ಮಲಯಾಳದ ‘ಸಂಕಡಂ’ ದುಃಖ. ನಮ್ಮಲ್ಲಿ ‘ಸಂಕಟ’ ಅಂದರೆ ಹೊಟ್ಟೆಯಲ್ಲೂ ಆಗಬಹುದು, ಪ್ರಾಣಕ್ಕೂ ಬರಬಹುದು. ‘ಬೆಳಗ್ಗಿಂದ ಭಾರೀ ಸಂಕಟ’ ಅಂದದ್ದನ್ನು ಮಲಯಾಳ ಬಲ್ಲ ಕೌನ್ಸೆಲರ್ ದುಃಖ ಅಂತ ಬರೆದುಕೊಂಡರೆ, ಆತಂಕದ ದೇಹಲಕ್ಷಣ ಒಂದು ದಾಖಲೆಯಿಂದ ತಪ್ಪಿಹೋಯಿತು.

ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರಿಗೆ ಇದರ ತದ್ರೂಪು ಗೊತ್ತಿರುತ್ತದೆ. ಮರಾಠಿಯ ‘ಕಾಳಜಿ’ಗೆ ಆರೈಕೆಯೂ ಅರ್ಥ, ಚಿಂತೆಯೂ ಅರ್ಥ. ಆ ಭಾಗದ ಕನ್ನಡದಲ್ಲೂ ‘ಕಾಳಜಿ ಮಾಡಬ್ಯಾಡ’ ಅಂದರೆ ಚಿಂತಿಸಬೇಡ. ‘ಮಗನ ಕಾಳಜಿ ಭಾಳ ಆಗೇತ್ರಿ’ ಅಂತ ತಾಯಿ ಅಂದರೆ, ಬೆಂಗಳೂರಿನ ಕೌನ್ಸೆಲರಿಗೆ ಅದು ಪ್ರೀತಿಯ ಆರೈಕೆ ಅಂತ ಕೇಳಿಸಬಹುದು. ಅವಳು ನಿದ್ದೆ ಇಲ್ಲದ ಚಿಂತೆಯನ್ನು ಹೇಳ್ತಾ ಇದ್ದಾಳೆ. ಅಂದರೆ ‘ಕನ್ನಡ ಬಲ್ಲ ಕೌನ್ಸೆಲರ್’ ಅಂದರೆ ಸಾಕಾಗುವುದಿಲ್ಲ. ಯಾವ ಕನ್ನಡ ಅನ್ನುವುದೂ ಪ್ರಶ್ನೆಯೇ. ನಮ್ಮ ಕಡೆಯ ‘ತಲೆಬಿಸಿ’, ತುಳುವಿನ ‘ಮಂಡೆ ಬೆಚ್ಚ’, ಹವ್ಯಕದ ‘ಮಂಡೆಬೆಶಿ’ ಮೂರೂ ಒಂದೇ ಮನೆಯ ಪದಗಳು. ಮೂರನ್ನೂ ‘ಒತ್ತಡ’ ಅಂತ ಅಚ್ಚುಮಾಡಿದರೆ ಬಿಸಿ ಹೋಗ್ತದೆ, ಒತ್ತು ಮಾತ್ರ ಉಳೀತದೆ.

ಕನ್ನಡ ವ್ಯಾಕರಣ ಕೊಡುವ ಸಹಾಯ

ಇಷ್ಟು ಹೇಳಿ ನಮ್ಮ ಭಾಷೆ ಈ ಚಿಕಿತ್ಸೆಗೆ ಒಗ್ಗುವುದಿಲ್ಲ ಅಂತ ನಾನು ಹೇಳ್ತಾ ಇಲ್ಲ. ತದ್ವಿರುದ್ಧ.

ಸಿಬಿಟಿಯಲ್ಲಿ ಮೊದಲ ಪಾಠ, ಯೋಚನೆಯನ್ನು ಭಾವನೆಯಿಂದ ಬೇರೆ ಮಾಡುವುದು. ಕನ್ನಡದಲ್ಲಿ ಇದು ಕಷ್ಟ, ಯಾಕಂದರೆ ‘ಅನಿಸು’ ಎರಡಕ್ಕೂ ಬರುತ್ತದೆ. ‘ಬೇಜಾರು ಅನಿಸಿತು’, ‘ಅವರು ನನ್ನನ್ನು ನೋಡಿ ನಕ್ಕರು ಅನಿಸಿತು’. ಮೊದಲನೆಯದು ಭಾವನೆ, ಎರಡನೆಯದು ಊಹೆ. ಹಾಳೆಯಲ್ಲಿ ‘ನಿಮಗೆ ಏನನಿಸಿತು?’ ಅಂತ ಕೇಳಿದರೆ ಯಾವ ಕಾಲಮ್ಮಿಗೆ ಉತ್ತರ ಬರೆಯಬೇಕು ಅಂತಲೇ ತಿಳಿಯುವುದಿಲ್ಲ. ಅನುವಾದ ಮಾಡುವವರು ಇದನ್ನು ಗಮನಿಸಬೇಕು. ‘ಆಗ ಮನಸ್ಸಿನಲ್ಲಿ ಯಾವ ಮಾತು ಬಂತು?’ ಅಂತ ಒಂದು ಪ್ರಶ್ನೆ, ‘ಆ ಮಾತು ಬಂದಾಗ ಹೇಗಾಯಿತು?’ ಅಂತ ಇನ್ನೊಂದು ಪ್ರಶ್ನೆ. ಬಂತು, ಆಯಿತು. ಈ ಎರಡು ಕ್ರಿಯಾಪದ ಸಾಕು.

ಆದರೆ ಎರಡನೇ ಪಾಠ ನಮಗೆ ಹುಟ್ಟಿನಿಂದಲೇ ಬಂದಿದೆ. ಯೋಚನೆ ಅನ್ನುವುದು ನಾನಲ್ಲ, ನನ್ನ ಕಡೆಗೆ ಬಂದದ್ದು ಅಂತ ಇಂಗ್ಲಿಷಿನಲ್ಲಿ ಕಲಿಸಲಿಕ್ಕೆ ಬಹಳ ಸರ್ಕಸ್ ಮಾಡಬೇಕು. ‘ನಾನು ಸೋತವನು’ ಅನ್ನಬೇಡಿ, ‘ನಾನು ಸೋತವನು ಎಂಬ ಯೋಚನೆ ನನಗೆ ಬರುತ್ತಿದೆ’ ಅನ್ನಿ, ಅಂತ ಅಭ್ಯಾಸ ಮಾಡಿಸ್ತಾರೆ. ಕನ್ನಡದವರು ಇದನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳ್ತಾರೆ: ‘ನಾನು ಕೆಲಸಕ್ಕೆ ಬಾರದವ ಅಂತ ಅನಿಸ್ತದೆ ಮಾರಾಯ್ರೆ.’ ನನಗೆ ಅನಿಸುತ್ತದೆ, ನನಗೆ ಹೆದರಿಕೆ ಆಗುತ್ತದೆ, ನನಗೆ ಹೊಳೆಯುತ್ತದೆ. ಎಲ್ಲ ಕಡೆಯೂ ನಾನು ಚತುರ್ಥಿಯಲ್ಲಿ ನಿಂತಿದ್ದೇನೆ, ಯೋಚನೆ ಹೊರಗಿನಿಂದ ನನ್ನ ಹತ್ತಿರ ಬರ್ತಾ ಉಂಟು. ಮೇಲಿಂದ ಒಂದು ‘ಅಂತ’ ಇದೆ, ಆ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಕೊಡುವ ‘ಅಂತ’. ಕೌನ್ಸೆಲರ್ ಕನ್ನಡದಲ್ಲಿ ಕೇಳುವವರಾದರೆ, ಆ ‘ಅಂತ’ವನ್ನು ಹಿಡಿದು ತೋರಿಸಿದರೆ ಸಾಕು. ನೋಡಿ, ನೀವೇ ಅದರಿಂದ ಒಂದು ಗೇಣು ದೂರ ನಿಂತಿದ್ದೀರಿ. ಇಂಗ್ಲಿಷಿಗೆ ತಿರುಗಿಸಿದ ಕೂಡಲೇ ಈ ಗೇಣು ಮಾಯ.

ನಿಜವಿರುವ ಯೋಚನೆಗೆ ಎಲ್ಲಿ ಜಾಗ?

ಇನ್ನೊಂದು ಗಂಭೀರ ವಿಷಯ. ಅದೇ ಹುಡುಗಿಗೆ ‘ನಮ್ಮಂಥವರಿಗೆ ಇಲ್ಲಿ ಕೆಲಸ ಸಿಗ್ಲಿಕ್ಕಿಲ್ಲ’ ಅಂತ ಅನಿಸಿತು ಅಂದುಕೊಳ್ಳಿ. ದೂರದ ಕೌನ್ಸೆಲರ್ ‘ಭವಿಷ್ಯ ನುಡಿಯುವುದು’ ಅಂತ ಗುರುತು ಹಾಕಿದರೆ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಜಾರಿ ಆಗಲಿಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮ ಶಾಲೆಗೆ ಹಾಕಿದ್ದಕ್ಕೆ ಇಲ್ಲಿ ಪ್ರತಿಭಟನೆಗಳೇ ನಡೆದಿವೆ. ಇದೆಲ್ಲ ‘ಪರವಾದ ಪುರಾವೆ’ ಕಾಲಮ್ಮಿಗೆ ಹೋಗಬೇಕಾದ ಸಂಗತಿಗಳು. ಅವನ್ನು ಬರೆಯಲಿಕ್ಕೆ ಬಿಡದ ಸಿಬಿಟಿ, ನೋವನ್ನು ವ್ಯಕ್ತಿಯ ತಲೆಯೊಳಗೇ ಹಾಕಿ ಬೀಗ ಹಾಕಿದ ಹಾಗೆ.

ಆದರೆ ಬೆಕ್ ಹೇಳಿದ್ದು ಹಾಗಲ್ಲ ಅನ್ನುವುದನ್ನೂ ಹೇಳಬೇಕು. ಸರಿಯಾಗಿ ಮಾಡಿದರೆ ಹಾಳೆಗೆ ಎರಡೂ ಕಡೆ ಜಾಗ ಉಂಟು. ಆ ವಾಕ್ಯವನ್ನು ಒಡೆದು ನೋಡಿ. ‘ಮಲಯಾಳ ಬೇಕಾದ ಹುದ್ದೆಗಳು ಬಹಳ ಇವೆ, ನನಗೆ ಮಲಯಾಳ ಓದಿ ಬರೆಯಲಿಕ್ಕೆ ಕಷ್ಟ.’ ಇದು ಸಂಗತಿ. ಇದಕ್ಕೆ ಬೇಕಾದ್ದು ಪರಿಹಾರದ ಯೋಜನೆ: ಭಾಷೆ ಕಲಿಯುವುದು, ಕನ್ನಡವೂ ಮಲಯಾಳವೂ ಬಲ್ಲವರಿಗೆ ಅಂತ ಕರೆಯುವ ಹುದ್ದೆಗಳಿಗೆ ಅರ್ಜಿ ಹಾಕುವುದು, ಬೇಕಾದರೆ ಹೋರಾಟಕ್ಕೂ ಸೇರುವುದು. ‘ನಮ್ಮಂಥವರು’, ‘ಸಿಗ್ಲಿಕ್ಕೇ ಇಲ್ಲ’. ಇದು ಪರೀಕ್ಷೆಗೆ ಒಡ್ಡಬೇಕಾದ ಭಾಗ. ಯಾವುದು ಯಾವುದು ಅಂತ ಬಿಡಿಸಲಿಕ್ಕೆ ಕೌನ್ಸೆಲರಿಗೆ ಊರು ಗೊತ್ತಿರಬೇಕು, ಇಲ್ಲದಿದ್ದರೆ ಕೇಳುವ ತಾಳ್ಮೆಯಾದರೂ ಇರಬೇಕು. ‘ಊರವರು ಏನಾದರೂ ಹೇಳ್ತಾರೆ’ ಅನ್ನುವುದೂ ಹಾಗೆಯೇ. ಸಣ್ಣ ಊರಿನಲ್ಲಿ ಹೇಳುವುದು ಹೌದು. ಹೇಳಿದರೆ ಏನಾಗ್ತದೆ, ಯಾರು ಹೇಳ್ತಾರೆ, ಎಷ್ಟು ದಿನ ಹೇಳ್ತಾರೆ, ಅದನ್ನು ವಿಚಾರಿಸಬೇಕು.

ಬಾಗಿಲು ತಟ್ಟುವ ಮೊದಲು

ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲಿ ಬರೆದವರು ಇಲ್ಲದೆ ಇಲ್ಲ. ‘ರಾಶಿ’ ಅಂತ ನಾವು ಕರೆಯುವ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ದಶಕಗಳ ಕಾಲ ಸರಳ ಕನ್ನಡದಲ್ಲಿ ಬರೆದರು. 2024ರಲ್ಲಿ ಪದ್ಮಶ್ರೀ ಬಂತು. ಈ ಪರಂಪರೆ ವೈದ್ಯರು ಓದುಗರಿಗೆ ತಿಳಿಹೇಳುವ ಪರಂಪರೆ. ಅದರ ಉಪಕಾರ ದೊಡ್ಡದು. ಸಿಬಿಟಿಗೆ ಬೇಕಾದ್ದು ಅದರ ಮುಂದಿನ ಹೆಜ್ಜೆ: ಓದುಗರೇ ತಮ್ಮ ವಾಕ್ಯವನ್ನು ತಮ್ಮ ಮನೆಮಾತಿನಲ್ಲಿ ಬರೆಯುವ ಹಾಳೆ.

ಹಾಗಾದರೆ ಖಾಸಗಿ ಕೌನ್ಸೆಲರ್ ಹತ್ತಿರ ಹೋಗುವವರು ಏನು ಕೇಳಬೇಕು? ನಾಲ್ಕು ಪ್ರಶ್ನೆ ಸಾಕು. ಒಂದು, ನಿಮ್ಮ ತರಬೇತಿ ಏನು? ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ಕೌನ್ಸೆಲರ್ ಅನ್ನುವ ಬೋರ್ಡಿನ ಹಿಂದೆ ಎರಡು ವರ್ಷದ ಸ್ನಾತಕೋತ್ತರ ಪದವಿಯೂ ಇರಬಹುದು, ವಾರಾಂತ್ಯದ ಸರ್ಟಿಫಿಕೇಟೂ ಇರಬಹುದು. 2021ರ ಅಲೈಡ್ ಹೆಲ್ತ್ ಕೇರ್ ವೃತ್ತಿಗಳ ಕಾನೂನು ಕೌನ್ಸೆಲರುಗಳನ್ನು ಪಟ್ಟಿಗೆ ತಂದಿದೆ, ಆದರೂ ಬೋರ್ಡು ನೋಡಿ ನಂಬುವ ಬದಲು ಕೇಳುವುದೇ ಕ್ಷೇಮ. ಎರಡು, ಎಷ್ಟು ಭೇಟಿ, ಎಷ್ಟು ಫೀಸು, ಆರಕ್ಕೆ ಒಮ್ಮೆ ನಾವು ಕೂತು ಫಲ ನೋಡುತ್ತೇವಾ? ಮೂರು, ಗುಟ್ಟು ಉಳಿಯುತ್ತದಾ, ಯಾವಾಗ ಉಳಿಯುವುದಿಲ್ಲ? ನಾಲ್ಕು, ನಾನು ನನ್ನ ಮಾತಿನಲ್ಲೇ ಬರೆಯಬಹುದಾ? ನಾಲ್ಕನೆಯದಕ್ಕೆ ‘ಬರೆಯಿರಿ, ನನಗೆ ಅರ್ಥ ಹೇಳಿ’ ಅನ್ನುವವರು ನಿಮ್ಮ ಭಾಷೆ ಬಾರದವರಾದರೂ ಒಳ್ಳೆಯ ಕೌನ್ಸೆಲರ್. ಎಡಿಯ ಅಂದರೆ ಏನು ಅಂತ ಅವರು ಕೇಳಿದಾಗ ನೀವು ವಿವರಿಸ್ತೀರಲ್ಲ, ಆ ವಿವರಣೆಯಲ್ಲೇ ಅರ್ಧ ಕೆಲಸ ಆಗ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಸೆಕ್ಷನ್ ತನ್ನ ಕಾಯಿಲೆ ಮತ್ತು ಚಿಕಿತ್ಸೆಯ ಮಾಹಿತಿಯನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವುದು ಹಕ್ಕು ಅಂತ ಹೇಳಿದೆ. ತಿಳಿದುಕೊಳ್ಳುವ ಹಕ್ಕು ಅದು. ಹೇಳಿಕೊಳ್ಳುವ ಹಕ್ಕೂ ಅದರ ಜೊತೆಗೆ ಬರಬೇಕು ಅನ್ನುವುದು ನನ್ನ ವಾದ.

ಸಂವಾದದಿಂದ

ಪ್ರಶ್ನೆ: ಕೆಲವರಿಗೆ ಮನೆಮಾತಿನಲ್ಲಿ ಹೇಳಲಿಕ್ಕೇ ನಾಚಿಕೆ. ಇಂಗ್ಲಿಷೋ ಮಲಯಾಳವೋ ಆದರೆ ಸಲೀಸು. ಅವರನ್ನೂ ಮನೆಮಾತಿಗೆ ಎಳೆಯಬೇಕಾ?

ಉತ್ತರ: ಖಂಡಿತ ಬೇಡ. ಎರಡನೇ ಭಾಷೆಯಲ್ಲಿ ಭಾವನೆಯ ಕಾವು ಸ್ವಲ್ಪ ಕಮ್ಮಿ ಆಗ್ತದೆ ಅಂತ ದ್ವಿಭಾಷಿಕರ ಅಧ್ಯಯನಗಳು ಕೂಡ ಹೇಳ್ತವೆ. ಪರದೆ ಹಿಂದೆ ನಿಂತು ಹೇಳಿದ ಹಾಗೆ. ನಾಚಿಕೆಯ ವಿಷಯಕ್ಕೆ ಆ ಪರದೆ ಬೇಕು. ಮಾತುಕತೆ ಯಾವ ಭಾಷೆಯಲ್ಲಾದರೂ ನಡೆಯಲಿ. ಯೋಚನೆಯ ಕಾಲಮ್ಮಿನಲ್ಲಿ ಮಾತ್ರ ಬಂದ ವಾಕ್ಯ ಬಂದ ಹಾಗೆ ಇರಲಿ. ಅದನ್ನು ಯಾರಿಗೂ ಓದಿ ಹೇಳದಿದ್ದರೂ ಆಯಿತು.

ಪ್ರಶ್ನೆ: ಗಡಿ ದಾಟಿ ಮಂಗಳೂರಿಗೇ ಹೋಗುವುದು ಒಳ್ಳೆಯದಲ್ವಾ? ಭಾಷೆಯೂ ಸಿಗ್ತದೆ, ಗುರುತಿನವರೂ ಕಾಣುವುದಿಲ್ಲ.

ಉತ್ತರ: ಹೋಗುವವರು ಹೋಗ್ತಾರೆ, ಹೋಗಲಿ. ಆದರೆ 2020ರ ಲಾಕ್‌ಡೌನಿನಲ್ಲಿ ತಲಪಾಡಿಯಲ್ಲಿ ರಸ್ತೆ ಮುಚ್ಚಿ ಆಂಬುಲೆನ್ಸುಗಳೇ ನಿಂತದ್ದು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನಮಗೆ ನೆನಪುಂಟು. ವಾರವಾರ ಬೇಕಾದ ಚಿಕಿತ್ಸೆಯನ್ನು ಒಂದು ಚೆಕ್‌ಪೋಸ್ಟಿನ ಆಚೆಗೆ ಇಟ್ಟುಕೊಳ್ಳಬಾರದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್, 14416, ಅಲ್ಲಿ ಭಾಷೆ ಆರಿಸಿಕೊಳ್ಳಬಹುದು, ದುಡ್ಡಿಲ್ಲ. ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಹಾಳೆ ತುಂಬುತ್ತಾ ಕೂರಬೇಡಿ. ಅಲ್ಲಿಗೆ ಫೋನ್ ಮಾಡಿ, ಇಲ್ಲವಾದರೆ ಹತ್ತಿರದ ಆಸ್ಪತ್ರೆಗೆ ಯಾರನ್ನಾದರೂ ಕರಕೊಂಡು ಹೋಗಿ. ಅಲ್ಲಿ ಯಾವ ಭಾಷೆ ಬಂದರೂ ಸರಿ. ಹಾಳೆ ಆಮೇಲೆ.